ಹೊಲಿಗೆ ಹಾಕದ ಕಣ್ಣು ಕಲಿಸಿದ್ದು

ಧಾರವಾಡದ ಲಕಮನಹಳ್ಳಿಯಲ್ಲಿ ನನ್ನ ಬಳಿ ಬರುವವರು ಎರಡು ಬಗೆಯವರು. ಕೈಗಾರಿಕಾ ವಸಾಹತುವಿನಲ್ಲಿ ಲೇಥು, ಗ್ರೈಂಡರುಗಳ ಮುಂದೆ ನಿಂತು ದುಡಿಯುವ ಹುಡುಗರು ಒಂದು ಕಡೆ. ಸುತ್ತಲಿನ ಹಳ್ಳಿಗಳಿಂದ ಮೋತಿಬಿಂದು ಹಣ್ಣಾಗಲಿ ಎಂದು ಕಾದು ಕಾದು ಬರುವ ಅಜ್ಜ-ಅಜ್ಜಿಯರು ಇನ್ನೊಂದು ಕಡೆ. ಹಿರಿಯರ ಮೊದಲ ಪ್ರಶ್ನೆ, "ಹೊಲಿಗಿ ಹಾಕ್ತೀರೇನ್ರಿ?" ಅವರಲ್ಲಿ ಕೆಲವರಿಗೆ ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಶಿಬಿರಗಳ ನೆನಪಿದೆ. ಮಸೂರವನ್ನು ಇಡಿಯಾಗಿ ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದ ಕಾಲ ಅದು. ನಾನು ಕಲಿಯುವ ಹೊತ್ತಿಗೆ ಕೃತಕ ಮಸೂರ ಬಂದಿತ್ತು, ಹೊಲಿಗೆ ಹೋಗಿರಲಿಲ್ಲ. 10–12 ಮಿ.ಮೀ. ಗಾಯ, ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದ ಐದಾರು ಹೊಲಿಗೆ, ಆ ಹೊಲಿಗೆಗಳ ಎಳೆತದಿಂದ ಕನ್ನಡಕದಲ್ಲಿ ಏರುವ ಸಿಲಿಂಡರ್ ನಂಬರು. 1990ರ ದಶಕದಲ್ಲಿ ಹೊಲಿಗೆ ಬೇಡದ ಸಣ್ಣ ಗಾಯದ ವಿಧಾನ ಹರಡತೊಡಗಿದಾಗ ಕಲಿತ ಕೈಗೆ ಮತ್ತೆ ಕಲಿಸಬೇಕಾಯಿತು. ಆ ಎರಡನೇ ಕಲಿಕೆಯ ಬೆಲೆಯನ್ನು ಕೆಲವೊಮ್ಮೆ ರೋಗಿಗಳೇ ತೆತ್ತರು. ಈಗ ಕಲಿಯುತ್ತಿರುವವರಿಗೆ ಅದು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಗಾಯ ಮಾಡುವಾಗಲೇ ಅದನ್ನು ಮುಚ್ಚಿರಬೇಕು.

ಹೊಲಿಗೆಯ ಕಾಲದಲ್ಲಿ ಗಾಯ ಹೇಗೇ ಇರಲಿ, ಕೊನೆಗೆ ದಾರ ಕಾಪಾಡುತ್ತಿತ್ತು. ಹೊಸ ವಿಧಾನದಲ್ಲಿ ದಾರದ ಕೆಲಸವನ್ನು ಗಾಯದ ಆಕಾರವೇ ಮಾಡಬೇಕು. ಕಣ್ಣಿನ ಬಿಳಿ ಮತ್ತು ಕರಿ ಸೇರುವ ಅಂಚಿನಿಂದ 1.5ರಿಂದ 2 ಮಿ.ಮೀ. ಹಿಂದೆ, ಸುಮಾರು 6 ಮಿ.ಮೀ. ಉದ್ದಕ್ಕೆ, ತುದಿಗಳು ಅಂಚಿನಿಂದ ದೂರ ಸರಿಯುವಂತೆ ಬಾಗಿದ ಗೀರು ಎಳೆಯುತ್ತೇವೆ. ಬಿಳಿಪದರದ ಅರ್ಧ ದಪ್ಪಕ್ಕೆ ಇಳಿದು, ಅದರೊಳಗೇ ಸುರಂಗ ಕೊರೆಯುತ್ತ, ಕಾರ್ನಿಯಾದಲ್ಲಿ ಒಂದು–ಒಂದೂವರೆ ಮಿಲಿಮೀಟರ್ ಸಾಗಿದ ಮೇಲಷ್ಟೇ ಕಣ್ಣಿನೊಳಕ್ಕೆ ತೆರೆಯಬೇಕು. ಆಗ ಕಣ್ಣಿನ ಒತ್ತಡವೇ ಸುರಂಗದ ಒಳತುಟಿಯನ್ನು ಹೊರಕ್ಕೆ ಒತ್ತಿ ಬಾಗಿಲು ಹಾಕಿಕೊಳ್ಳುತ್ತದೆ.

ನನ್ನ ಆರಂಭದ ಸುರಂಗಗಳು ಗಿಡ್ಡವಾಗಿದ್ದವು. ಆತುರಕ್ಕೆ ಬ್ಲೇಡು ಬೇಗನೆ ಒಳಗೆ ಇಣುಕಿಬಿಡುತ್ತಿತ್ತು. ಆಮೇಲೆ ಆಪರೇಷನ್ ಮುಗಿಯುವ ತನಕ ಅದರದೇ ಪಾಡು. ದ್ರವ ಬಿಟ್ಟಾಗಲೆಲ್ಲ ಐರಿಸ್ ಗಾಯದ ಬಾಯಿಗೆ ಬಂದು ನಿಲ್ಲುವುದು, ಒಳಕ್ಕೆ ತಳ್ಳಿದಷ್ಟೂ ಅದರ ಬಣ್ಣ ಉದುರುವುದು, ಪಾಪೆ ಕಿರಿದಾಗುವುದು. ಅಂಥ ಕೆಲವು ಕಣ್ಣುಗಳ ಪಾಪೆ ಇಂದಿಗೂ ಓರೆಯಾಗಿದೆ. ಅವರು ತಪಾಸಣೆಗೆ ಬಂದಾಗ ಟಾರ್ಚಿನ ಬೆಳಕಲ್ಲಿ ನನ್ನ ಆತುರ ನನಗೆ ಕಾಣುತ್ತದೆ. ಬೇಗ ಒಳಹೊಕ್ಕೆ ಎಂದು ಗೊತ್ತಾದ ಕೂಡಲೇ ನಿಲ್ಲಿಸಿ, ಆ ಜಾಗಕ್ಕೆ ಹೊಲಿಗೆ ಹಾಕಿ, ಬೇರೆ ಕಡೆ ಹೊಸ ಸುರಂಗ ಶುರು ಮಾಡುವುದೇ ಲೇಸು ಎಂಬುದನ್ನು ತಡವಾಗಿ ಕಲಿತೆ.

2. ಮೊಂಡು ಬ್ಲೇಡಿಗೆ ಕೈಬಲ ಪರಿಹಾರವಾಗದು.

ಸುರಂಗ ಕೊರೆಯುವುದು ಕ್ರೆಸೆಂಟ್ ಬ್ಲೇಡು, ಒಳಬಾಗಿಲು ತೆರೆಯುವುದು 3 ಮಿ.ಮೀ. ಆಸುಪಾಸಿನ ಕೆರಟೋಮ್. ಶಿಬಿರದ ದಿನಗಳಲ್ಲಿ ಖರ್ಚು ಉಳಿಸಲು ಬ್ಲೇಡುಗಳನ್ನು ಶುದ್ಧೀಕರಿಸಿ ಮತ್ತೆ ಮತ್ತೆ ಬಳಸುತ್ತಿದ್ದೆ. ಧಾರೆ ಹೋದ ಬ್ಲೇಡು ಪದರವನ್ನು ಬಿಡಿಸುವುದಿಲ್ಲ, ಹರಿಯುತ್ತದೆ. ನಾನು ಒತ್ತು ಕೊಟ್ಟೆ, ಅದು ಮೇಲೆದ್ದು ಸುರಂಗದ ಚಾವಣಿಯಲ್ಲೇ ತೂತು ಮಾಡಿತು. ಇದನ್ನು ನನಗೆ ಸರಿಯಾಗಿ ತಿಳಿಸಿದವರು ವಸಾಹತುವಿನ ಹಿರಿಯ ಟರ್ನರ್ ಒಬ್ಬರು. ಕಣ್ಣು ತೋರಿಸಲು ಬಂದವರು ಮಾತಿನ ನಡುವೆ, "ಧಾರಿ ಹೋದ ಟೂಲಿಗೆ ಒತ್ತು ಕೊಟ್ರ ಜಾಬ್ ಕೆಡ್ತದ್ರಿ" ಅಂದರು. ಈಗ ಬ್ಲೇಡಿನ ಹೊಳಪು ಬಿಳಿಪದರದ ಅಡಿಯಿಂದ ಮಸುಕಾಗಿ ಕಾಣುವಷ್ಟು ಆಳ ಇದೆಯೇ ಎಂದು ನೋಡಿಕೊಳ್ಳುತ್ತ ಹೋಗುತ್ತೇನೆ. ತೀರಾ ಸ್ಪಷ್ಟವಾಗಿ ಕಂಡರೆ ಚಾವಣಿ ತೆಳುವಾಗಿದೆ ಎಂದರ್ಥ. ಕೈ ಬಿಗಿಯಾಯಿತು ಅನ್ನಿಸಿದರೆ ಬ್ಲೇಡು ಬದಲಿಸುತ್ತೇನೆ.

3. ಗಟ್ಟಿ ಮೋತಿಬಿಂದುವಿನ ಮುಂದೆ ಮಿಲಿಮೀಟರಿನ ಹಠ ಬೇಡ.

"ಇನ್ನೂ ಹಣ್ಣಾಗಿಲ್ಲ" ಎಂದು ವರ್ಷಗಟ್ಟಲೆ ಕಾದು ಬರುವವರ ಮಸೂರ ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿರುತ್ತದೆ. ಗಾಯ ಸಣ್ಣದಾದಷ್ಟು ಕೌಶಲ ದೊಡ್ಡದು ಎಂದು ನಂಬಿದ್ದ ದಿನಗಳಲ್ಲಿ, ಅಜ್ಜಿಯೊಬ್ಬರ ಮಸೂರದ ಅಂಥ ಗಡುಸು ತಿರುಳನ್ನು ಇಕ್ಕಟ್ಟಾದ ಸುರಂಗದಿಂದ ಎಳೆದು ತೆಗೆದೆ. ಅದು ಬಂತು, ಆದರೆ ಬರುವಾಗ ಕಾರ್ನಿಯಾದ ಒಳಮೈಯನ್ನು ತೀಡಿಕೊಂಡು ಬಂತು. ಅಲ್ಲಿರುವ ಜೀವಕೋಶಗಳು ಕಾರ್ನಿಯಾದ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿ ಇಡುತ್ತವೆ. ದೊಡ್ಡವರ ಕಣ್ಣಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2,500 ಇರುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಆ ಅಜ್ಜಿಯ ಕಾರ್ನಿಯಾ ವಾರಗಟ್ಟಲೆ ಮಂಜಾಗಿಯೇ ಇತ್ತು. ಪಕ್ಕದ ಹಾಸಿಗೆಯವರೆಲ್ಲ ಮೊಮ್ಮಕ್ಕಳ ಮುಖ ನೋಡುತ್ತ ಮನೆಗೆ ಹೋದಾಗ ಅವರು "ನನಗ್ಯಾಕ ಕಾಣವಲ್ದು?" ಎಂದು ಕೇಳುತ್ತಿದ್ದರು. ಕೊನೆಗೆ ತಿಳಿಯಾಯಿತು, ಪೂರ್ತಿಯಲ್ಲ.

ಸುರಂಗ ಹೊರಗೆ ಕಿರಿದು, ಒಳಗೆ ಅಗಲ ಇರಬೇಕು. ತಿರುಳು ಗಟ್ಟಿಯಿದ್ದರೆ ಹೊರಬಾಯಿಯನ್ನೂ ಅಗಲಿಸಬೇಕು. ತಿರುಳಿನ ಮೇಲೆ, ಕೆಳಗೆ ಒಳಮೈಯನ್ನು ಕಾಪಾಡುವ ಮಂದವಾದ ವಿಸ್ಕೋ ದ್ರವ ಧಾರಾಳವಾಗಿರಬೇಕು. ನೇಪಾಳದ ಲಹಾನಿನಲ್ಲಿ ಡಾ. ಆಲ್ಬ್ರೆಕ್ಟ್ ಹೆನ್ನಿಗ್ ಸಣ್ಣ ಸೂಜಿಯನ್ನೇ ಗಾಳದಂತೆ ಬಗ್ಗಿಸಿ ತಿರುಳನ್ನು ಹೊರತೆಗೆಯುವ ವಿಧಾನ ರೂಪಿಸಿದರು. ಇಸ್ರೇಲಿನ ಡಾ. ಮೈಕೆಲ್ ಬ್ಲೂಮೆಂಥಾಲ್ ನೀರಿನ ಒತ್ತಡದಿಂದಲೇ ಅದು ಜಾರಿಬರುವಂತೆ ಮಾಡಿದರು. ದಾರಿ ಯಾವುದಾದರೂ ಸರಿ, ದಾರಿಯ ಅಗಲವನ್ನು ಆ ಕಣ್ಣಿನ ತಿರುಳೇ ನಿರ್ಧರಿಸಬೇಕು.

4. ಯಂತ್ರವಿಲ್ಲದ ಆಪರೇಷನ್ ಕಡಿಮೆ ದರ್ಜೆಯದಲ್ಲ.

ಫೇಕೋ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ತಂದರು; ದಂತವೈದ್ಯರ ಶ್ರವಣಾತೀತ ಉಪಕರಣ ಅವರಿಗೆ ಆ ಹೊಳಹು ಕೊಟ್ಟಿತ್ತು. ತಿರುಳನ್ನು ಒಳಗೇ ಪುಡಿಮಾಡಿ ಹೀರುವುದರಿಂದ 3 ಮಿ.ಮೀ.ಗಿಂತ ಕಿರಿದಾದ ಗಾಯ ಸಾಕು, ಮಡಚುವ ಮಸೂರ ಅದರಲ್ಲೇ ಹೋಗುತ್ತದೆ. ಊರಲ್ಲಿ ಇದಕ್ಕೆ 'ಲೇಸರ್ ಆಪರೇಷನ್' ಎನ್ನುತ್ತಾರೆ. ಅದು ಲೇಸರ್ ಅಲ್ಲ ಎಂದು ಬಹುಕಾಲ ನಾನೂ ತಿದ್ದಲಿಲ್ಲ. ತಿದ್ದಬೇಕಿತ್ತು. ಸಾಲ ಮಾಡಿ 'ಲೇಸರ್' ಮಾಡಿಸಿಕೊಳ್ಳಲು ಬಂದವರಿಗೆ, ಕೈಯಿಂದ ಮಾಡುವ ಸಣ್ಣ ಗಾಯದ ವಿಧಾನವೂ ಅಷ್ಟೇ ಒಳ್ಳೆಯ ದೃಷ್ಟಿ ಕೊಡುತ್ತದೆ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ನೇಪಾಳದಲ್ಲಿ ಡಾ. ಸಂಡುಕ್ ರುಯಿತ್ ಮತ್ತು ಸಂಗಡಿಗರು ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಅದನ್ನೇ; ಕೈವಿಧಾನಕ್ಕೆ ಸಮಯ ಮತ್ತು ಖರ್ಚು ಕಡಿಮೆ. ಮದುರೆಯ ಅರೋಲ್ಯಾಬ್ 1992ರಿಂದ ಅಗ್ಗದ ಮಸೂರಗಳನ್ನು ತಯಾರಿಸತೊಡಗಿದ ಮೇಲಂತೂ ಬಡವರಿಗೆ ದಪ್ಪ ಕನ್ನಡಕ ಕೊಟ್ಟು ಕಳಿಸಲು ಕಾರಣವೇ ಉಳಿಯಲಿಲ್ಲ.

ಯಂತ್ರಕ್ಕೂ ತನ್ನದೇ ಅಪಾಯ ಇದೆ. ಅದರ ಸೂಜಿಯ ಸುತ್ತ ನೀರು ಹರಿಯುವುದು ನಿಂತರೆ ಸೂಜಿ ಕಾದು, ಕ್ಷಣಗಳಲ್ಲಿ ಗಾಯದ ತುಟಿ ಸುಟ್ಟು ಸುಕ್ಕಾಗುತ್ತದೆ. ಅಂಥ ಗಾಯ ತಾನಾಗಿ ಮುಚ್ಚುವುದಿಲ್ಲ.

5. ಒಂದು ಹೊಲಿಗೆಯ ಅಗತ್ಯವಿದ್ದರೆ ಹಾಕಿ.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಪಾಠ ಇದು. ಹೊಲಿಗೆ ಇಲ್ಲದೆ ಮುಗಿಸಬೇಕು ಎಂಬ ಆಸೆ ಎಷ್ಟು ಗಟ್ಟಿಯಾಗಿತ್ತೆಂದರೆ, ರೋಗಿಯೊಬ್ಬರ ಗಾಯದಿಂದ ನೀರು ಜಿನುಗುತ್ತಿದ್ದರೂ "ರಾತ್ರಿಯೊಳಗ ಕೂಡ್ಕೋತದ" ಎಂದು ಪಟ್ಟಿ ಕಟ್ಟಿದೆ. ಮರುದಿನ ಬೆಳಿಗ್ಗೆ ಕಣ್ಣು ಮೆತ್ತಗಾಗಿತ್ತು, ಕಾರ್ನಿಯಾ ಮತ್ತು ಐರಿಸ್ ನಡುವಿನ ಜಾಗ ಚಪ್ಪಟೆಯಾಗಿತ್ತು. ಜಿನುಗುವ ಗಾಯ ಹೊರಗಿನ ರೋಗಾಣುಗಳಿಗೂ ದಾರಿ. ಒಳಗೆ ಕೀವಾದರೆ ಕಣ್ಣೇ ಹೋಗಬಹುದು. ಅವರನ್ನು ಮತ್ತೆ ಟೇಬಲ್ಲಿಗೆ ಕರೆದೊಯ್ದು ಒಂದೇ ಒಂದು ಹೊಲಿಗೆ ಹಾಕಿದೆ. ಅದಕ್ಕೆ ಹಿಡಿದದ್ದು ಎರಡು ನಿಮಿಷ. ಹಿಂದಿನ ದಿನ ಆ ಎರಡು ನಿಮಿಷವನ್ನು ನಾನು ಆ ಮನುಷ್ಯನಿಗೆ ಕೊಟ್ಟಿರಲಿಲ್ಲ.

ಈಗ ಮುಗಿಸುವ ಮುನ್ನ ಫ್ಲೋರೆಸಿನ್ ಬಣ್ಣ ಹಚ್ಚಿ, ಕಣ್ಣನ್ನು ಮೆಲ್ಲಗೆ ಒತ್ತಿ, ಜಿನುಗು ಇದೆಯೇ ಎಂದು ನೋಡುತ್ತೇನೆ. ಮಕ್ಕಳ ಕಣ್ಣಿನ ಗೋಡೆ ಮೆದು, ಸುರಂಗ ಚೆನ್ನಾಗಿದ್ದರೂ ನಂಬುವಂತಿಲ್ಲ. ಅಲ್ಲಿ ಹೊಲಿಗೆ ಹಾಕಿಯೇ ಮುಗಿಸುವುದು.

ಇನ್ನೊಂದು ಮಾತು. "ಹೊಲಿಗಿನ ಇಲ್ಲಂದ್ರ ಪಥ್ಯ ಯಾಕ್ರಿ?" ಎಂದು ರೋಗಿಗಳು ಕೇಳುತ್ತಾರೆ. ಹೊಲಿಗೆ ಇಲ್ಲ ಎಂದು ನಾವು ಹೆಮ್ಮೆಯಿಂದ ಹೇಳಿದ್ದೇ ಅವರನ್ನು ಮರುವಾರವೇ ಹೊಲಕ್ಕೆ ಕಳಿಸಿರುತ್ತದೆ. ಕಣ್ಣು ಉಜ್ಜಬೇಡಿ, ತಲೆಸ್ನಾನ ಬೇಡ, ಭಾರ ಎತ್ತಬೇಡಿ ಎಂಬುದನ್ನು ಮನೆಯವರನ್ನೂ ಕೂರಿಸಿಕೊಂಡು ಹೇಳಬೇಕು.

6. ದಾರದ ಕೆಲಸವನ್ನು ಗಾಳಿಯೂ ಮಾಡುತ್ತದೆ, ರಕ್ತವೂ ಮಾಡುತ್ತದೆ.

ಬಿಸಿಲು-ದೂಳಿನಲ್ಲಿ ದುಡಿಯುವವರ ಕಣ್ಣಲ್ಲಿ ಬೆಳೆಯುವ ಮಾಂಸವನ್ನು ತೆಗೆದು ಅಲ್ಲಿಗೆ ತೆಳುಪೊರೆ ಕೂರಿಸುವಾಗ ಮೊದಲು ಹೊಲಿಗೆ ಹಾಕಿ ವಾರಗಟ್ಟಲೆ ಚುಚ್ಚುವ ನೋವು ಕೊಡುತ್ತಿದ್ದೆವು. ಈಗ ಫೈಬ್ರಿನ್ ಅಂಟು, ಇಲ್ಲವೇ ರೋಗಿಯದೇ ಹೆಪ್ಪುಗಟ್ಟುವ ರಕ್ತ ಸಾಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ದಾನ ಮಾಡಿದ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದ್ದು ಎಲ್ಲರಿಗೂ ಗೊತ್ತು. ಇಂಥ ಕಸಿಯಲ್ಲಿ ಹಿಂಬದಿಯ ಪದರವನ್ನು ಅಂಟಿಸಿ ಹಿಡಿಯುವುದು ಕಣ್ಣೊಳಗೆ ಬಿಟ್ಟ ಗಾಳಿಗುಳ್ಳೆ. ರೋಗಿ ಮೇಲ್ಮುಖವಾಗಿ ಅಲುಗದೆ ಮಲಗಿರಬೇಕು. ಹಾಗೆ ಮಲಗಲಾಗದವರನ್ನು ಮೊದಲೇ ಕೇಳಿ ತಿಳಿಯಬೇಕು.

7. ತಾನಾಗಿ ಮುಚ್ಚಿಕೊಂಡ ಗಾಯ ವೈದ್ಯನನ್ನೂ ಮೋಸಗೊಳಿಸುತ್ತದೆ.

ವಸಾಹತುವಿನ ಹುಡುಗನೊಬ್ಬ ಕಣ್ಣಲ್ಲಿ ಕಸ ಬಿತ್ತೆಂದು ಬಂದ. ಸ್ವಲ್ಪ ಕೆಂಪು, ದೃಷ್ಟಿ ಚೆನ್ನಾಗಿತ್ತು. ತೊಳೆದು ಹನಿ ಕೊಟ್ಟು ಕಳಿಸಿದೆ. ಕೆಲವು ವಾರಗಳ ನಂತರ ಮಸುಕು ಎಂದು ತಿರುಗಿ ಬಂದಾಗ ಪಾಪೆ ಹಿಗ್ಗಿಸಿ ನೋಡಿದರೆ ಒಳಗೆ ಕಬ್ಬಿಣದ ಚೂರು. ಉಳಿಗೆ ಸುತ್ತಿಗೆ ಹೊಡೆಯುವಾಗ ಸಿಡಿದು ಒಳಹೊಕ್ಕಿತ್ತು. ನಾವು ಅಷ್ಟು ಕಷ್ಟಪಟ್ಟು ಕಟ್ಟುವಂಥ ಗಾಯವನ್ನೇ ಆ ಚೂರು ತಾನಾಗಿ ಮಾಡಿಕೊಂಡು ಹೋಗಿತ್ತು. ಬಾಗಿಲು ಮುಚ್ಚಿದ್ದರಿಂದ ನಾನು ಒಳಗೆ ನೋಡಲಿಲ್ಲ. ಕಬ್ಬಿಣ ಕಣ್ಣೊಳಗೆ ಕರಗುತ್ತ ಅಕ್ಷಿಪಟಕ್ಕೆ ವಿಷವಾಗುತ್ತದೆ.

ಅವನನ್ನು ಅಕ್ಷಿಪಟ ತಜ್ಞರಿಗೆ ಕಳಿಸಿದೆ. ಅಲ್ಲಿಯೂ ಗಾಯ ಕಿರಿದಾಗುತ್ತಲೇ ಬಂದಿದೆ: ಒಂದು ಕಾಲಕ್ಕೆ 0.9 ಮಿ.ಮೀ. ತೂತಿಗೂ ಹೊಲಿಗೆ ಬೇಕಿತ್ತು. 2002ರಲ್ಲಿ ಅರ್ಧ ಮಿಲಿಮೀಟರಿನ 25 ಗೇಜ್ ಉಪಕರಣಗಳು ಬಂದವು. ಅವುಗಳ ತೂತು ತಾನೇ ಮುಚ್ಚುತ್ತದೆ. ಚೂರು ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಗಾಯ ಅಗಲಿಸಿ ಹೊಲಿಯಲೇಬೇಕು. ಅವನಿಗೂ ಹಾಗೇ ಆಯಿತು. ದೃಷ್ಟಿ ಅರ್ಧದಷ್ಟು ಉಳಿಯಿತು.

ಈಗ ಕಸ ಬಿತ್ತು ಎಂದು ಬಂದ ಪ್ರತಿಯೊಬ್ಬರನ್ನೂ ಏನು ಕೆಲಸ ಮಾಡುತ್ತಿದ್ದಿರಿ, ಸುತ್ತಿಗೆ ಇತ್ತೇ ಎಂದು ಕೇಳುತ್ತೇನೆ. ಇತ್ತು ಎಂದರೆ ಪಾಪೆ ಹಿಗ್ಗಿಸದೆ ಬಿಡುವುದಿಲ್ಲ. ಅನುಮಾನವಿದ್ದರೆ ಎಕ್ಸ್-ರೇ ಅಥವಾ ಸಿ.ಟಿ.; ಎಂ.ಆರ್.ಐ. ಕೂಡದು, ಅದರ ಕಾಂತಕ್ಕೆ ಕಬ್ಬಿಣ ಒಳಗೇ ಸರಿದಾಡುತ್ತದೆ. ವಸಾಹತುವಿನ ಮಾಲೀಕರು ಸಿಕ್ಕಾಗಲೆಲ್ಲ ಪಾಲಿಕಾರ್ಬೊನೇಟ್ ಕನ್ನಡಕದ ಮಾತೆತ್ತುತ್ತೇನೆ. ಕೆಲವರು ತರಿಸಿದ್ದಾರೆ. ಸೆಕೆಗೆ ಹುಡುಗರು ಅದನ್ನು ಹಣೆಯ ಮೇಲೆ ಏರಿಸಿಕೊಂಡಿರುತ್ತಾರೆ, ಅದಕ್ಕೇ ಈಗ ಅವರೊಂದಿಗೂ ಮಾತಾಡುತ್ತಿದ್ದೇನೆ.