ಹಗುರ ಅಂತ ಸಡಿಲ ಬಿಡಬೇಡ

ಅಳಿಯಾ, ಹರಿಹರದಲ್ಲಿ ಮನೆ ಹಿಡಿದದ್ದು ಒಳ್ಳೆಯದೇ ಆಯಿತು. ದಿನಾ ಬಸ್ಸಿನಲ್ಲಿ ನೇತಾಡುವುದು ತಪ್ಪಿತು. ಭಾನುವಾರ ಸಾಮಾನು ಸಾಗಿಸುತ್ತೀಯ ಅಂತ ನಿಮ್ಮವ್ವ ಹೇಳಿದಳು. ಬೀರು, ಮಂಚ, ಫ್ರಿಜ್ಜು, ಇವುಗಳ ಬಗ್ಗೆ ನನಗೇನೂ ಚಿಂತೆಯಿಲ್ಲ. ಭಾರದ ವಸ್ತು ಎತ್ತುವಾಗ ಎಂಥವನೂ ಹುಷಾರಾಗಿರುತ್ತಾನೆ. ಚಿಂತೆ ಇರುವುದು ನಿಮ್ಮ ಆ ಹೊಸ ದೊಡ್ಡ ಹಾಸಿಗೆಯದು. ‘ಎಲ್ಲದರ ಮೇಲೆ ಒಗೆದರಾಯಿತು ಮಾವ, ಶಾಮನೂರಿಂದ ಹರಿಹರ ಎಷ್ಟು ದೂರ’ ಎಂದೆಯಂತೆ. ದೂರ ಹದಿನೈದು ಕಿಲೋಮೀಟರ್ ಆಸುಪಾಸು, ಅಷ್ಟೇ. ಹಾಸಿಗೆ ಹಾರುವುದಕ್ಕೆ ಅದರಲ್ಲಿ ಒಂದೇ ಕಿಲೋಮೀಟರ್ ಸಾಕು.

ನಮ್ಮ ಕಾಲದ ಗಾದಿಯ ಲೆಕ್ಕವೇ ಬೇರೆ. ನಮ್ಮ ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು. ಪಿಂಜಾರರು ಮನೆ ಬಾಗಿಲಲ್ಲಿ ಕೂತು ಬಿಲ್ಲು ಮೀಟಿ ಅರಳೆ ಹಿಂಜಿ ತುಂಬಿಕೊಡುತ್ತಿದ್ದರು. ಆ ಗಾದಿಯನ್ನು ಸುತ್ತಿ ಹಗ್ಗ ಬಿಗಿದು ಸೈಕಲ್ಲಿನ ಕ್ಯಾರಿಯರ್ ಮೇಲೂ ಒಯ್ಯಬಹುದಿತ್ತು. ನಿನ್ನದನ್ನು ಹಾಗೆ ಸುತ್ತಲಾಗದು. ಒಳಗೆ ಸ್ಪ್ರಿಂಗ್ ಇದ್ದರೆ ಮಡಿಸಿದಾಗ ಅಂಚಿನ ತಂತಿ ಬಗ್ಗುತ್ತದೆ, ಆಮೇಲೆ ಆ ಮೂಲೆ ಎಂದಿಗೂ ನೆಟ್ಟಗೆ ಕೂರದು. ನಾರಿನ ಹಾಸಿಗೆಯಾದರೆ, ಅದೇ ನಮ್ಮವರು ಯಾವ ಕಂಪನಿಯದಾದರೂ ಕರ್ಲಾನ್ ಎನ್ನುತ್ತಾರಲ್ಲ ಅದು, ಮಡಿಸಿದ ಗೆರೆಯಲ್ಲೇ ಒಳಗೆ ಬಿರುಕು ಬಿಡುತ್ತದೆ. ಬರೀ ಫೋಮಿನದು ಬರುವಾಗ ಡಬ್ಬದಲ್ಲಿ ಸುರುಳಿಯಾಗಿ ಬಂದಿತ್ತು ನಿಜ. ಅದು ಕಾರ್ಖಾನೆಯ ಯಂತ್ರ ಗಾಳಿ ಹೀರಿ ಒತ್ತಿದ ಸುರುಳಿ. ನೀನೂ ನಿನ್ನ ಗೆಳೆಯರೂ ಮಂಡಿ ಊರಿ ಕೂತರೂ ಅದು ಮತ್ತೆ ಬಾರದು. ಹಾಗಾಗಿ ಹಾಸಿಗೆ ಅಗಲವಾಗಿಯೇ ಹೋಗಬೇಕು ಎಂದು ಮೊದಲೇ ಒಪ್ಪಿಕೊ.

ಒಪ್ಪಿಕೊಂಡ ಮೇಲೆ ಟೇಪು ಹಿಡಿ. ಕಿಂಗ್ ಸೈಜ್ ಅಂದರೆ ಆರೂವರೆ ಅಡಿ ಉದ್ದ, ಆರು ಅಡಿ ಅಗಲ. ಟಾಟಾ ಏಸ್ ಬಾಡಿ ಸುಮಾರು ಏಳು ಅಡಿ ಉದ್ದವಿದ್ದರೂ ಅಗಲ ಐದು ಅಡಿಗೆ ಒಂದೆರಡು ಇಂಚು ಕಡಿಮೆಯೇ. ಐದಡಿಯ ಕ್ವೀನ್ ಹಾಸಿಗೆ ಫೋಮಿನದಾದರೆ ಸ್ವಲ್ಪ ಒತ್ತಿ ಕೂರಿಸಬಹುದು. ಆರಡಿಯದು ಆಚೆ ಈಚೆ ತಗಡಿನ ಮೇಲೆ ಚಾಚಿಕೊಂಡೇ ಕೂರುತ್ತದೆ. ಪಕ್ಕಕ್ಕೆ ನಿಲ್ಲಿಸಿದೆವು ಅನ್ನು, ಆಗ ಕ್ಯಾಬಿನ್ನಿಗಿಂತ ಎರಡಡಿ ಮೇಲೆ ಎದ್ದು ನಿಂತು ಹಳೇ ಊರಿನ ಬೀದಿಗಳ ಕೇಬಲ್ ವೈರನ್ನೆಲ್ಲ ಮಾತಾಡಿಸಿಕೊಂಡು ಹೋಗುತ್ತದೆ. ಇನ್ನೂರು ಮುನ್ನೂರು ರೂಪಾಯಿ ಬಾಡಿಗೆ ಹೆಚ್ಚಾದರೂ ಬೊಲೆರೊ ಪಿಕಪ್ ಹೇಳು. ಅದರ ಬಾಡಿ ಸುಮಾರು ಐದೂವರೆ ಅಡಿ ಅಗಲ, ಉದ್ದ ಎಂಟೂವರೆಯಿಂದ ಒಂಬತ್ತು. ಒಂದು ಅಂಚನ್ನು ನೆಲಕ್ಕೆ ಕೊಟ್ಟು, ಇನ್ನೊಂದರ ಕೆಳಗೆ ಬಟ್ಟೆಯ ಗಂಟು ತುರುಕಿ ಓರೆಯಾಗಿ ಮಲಗಿಸಿದರೆ ಆರಡಿಯದೂ ಒಳಗೇ ಹಿಡಿಯುತ್ತದೆ, ಹಿಂದಿನ ಬಾಗಿಲೂ ಮುಚ್ಚುತ್ತದೆ. ನಾಲ್ಕೂ ಕಡೆ ಮುಚ್ಚಿದ ಕಂಟೇನರ್ ಗಾಡಿ ಸಿಕ್ಕರೆ ಮುಂದೆ ಹೇಳುವುದರಲ್ಲಿ ಅರ್ಧ ನಿನಗೆ ಬೇಡವೇ ಬೇಡ.

ಈಗ ಮುಖ್ಯ ಮಾತು. ಹಾಸಿಗೆ ಮೂವತ್ತು ಕಿಲೋ ತೂಗಬಹುದು. ಅದಕ್ಕೇ ‘ಹಗುರ’ ಎಂದು ಯಾರೂ ಸರಿಯಾಗಿ ಕಟ್ಟುವುದಿಲ್ಲ. ಆದರೆ ಅದರ ಮೈ ಮೂವತ್ತೊಂಬತ್ತು ಚದರಡಿ. ಗಾಡಿ ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುವಾಗ ಆ ಮೈಗೆ ಗಾಳಿ ನೇರವಾಗಿ ಬಡಿದರೆ ಹದಿನೈದು ಕಿಲೋ ತೂಕದಷ್ಟು ನೂಕುತ್ತದೆ. 60ಕ್ಕೆ ಏರಿಸಿದೆಯೋ, ಮೂವತ್ತಾಗುವುದಿಲ್ಲ, ಅರವತ್ತಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟು. 80ರಲ್ಲಿ ನೂರು ಕಿಲೋ ದಾಟುತ್ತದೆ. ಮಲಗಿಸಿದ ಹಾಸಿಗೆಗೆ ಇಷ್ಟು ಬೀಳುವುದಿಲ್ಲ, ಸರಿ. ಆದರೆ ಮುಂದಿನ ಅಂಚು ಒಂದು ಗೇಣು ಎದ್ದಿತೋ, ಗಾಳಿ ಕೆಳಗೆ ನುಗ್ಗಿ ಅದನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ, ಆಮೇಲೆ ಮೇಲಿನ ಲೆಕ್ಕವೇ ಲೆಕ್ಕ. ನಮ್ಮ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ಗಾಡಿ ಹೇರುವುದನ್ನು ನೋಡು. ಮಂಡಕ್ಕಿಗಿಂತ ಹಗುರದ್ದು ಏನಿದೆ? ಆದರೂ ಆ ಮೂಟೆಗಳಿಗೆ ಹಮಾಲರು ಬಿಗಿಯುವಷ್ಟು ಹಗ್ಗ ಸಿಮೆಂಟು ಚೀಲಕ್ಕೂ ಬಿಗಿಯುವುದಿಲ್ಲ. ಗಾಳಿಗೆ ಸಿಗುವ ಸರಕು ಯಾವುದೆಂದು ಅವರಿಗೆ ಗೊತ್ತು.

ಹಾರಿದ ಹಾಸಿಗೆ ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಆದರೆ ಅದು ಹೋಗಿ ಬೀಳುವುದು ಹಿಂದೆ ಬರುವ ಬೈಕಿನವನ ಮುಂದೆ. ಅವನ ಹಿಂದೆ ಹೆಂಡತಿ, ಟ್ಯಾಂಕಿನ ಮೇಲೊಂದು ಮಗು. ನಮ್ಮ ರಸ್ತೆಯಲ್ಲಿ ಇದು ದಿನಾ ಕಾಣುವ ನೋಟ. ಕಾರಿನವನಾದರೆ ಗಾಜು ಒಡೆದು ಉಳಿದಾನು.

ಸಡಿಲ ಕಟ್ಟುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹಗ್ಗ ಸಾಲದೆ ಬಂದರೆ ‘ಏಯ್, ಒಬ್ಬ ಹುಡುಗ ಮೇಲೆ ಕೂರ್ರೋ’ ಎನ್ನುತ್ತಾರೆ. ಹಾಸಿಗೆ ಹಾರದ ಹಾಗೆ ಹುಡುಗನನ್ನು ಭಾರ ಇಡುತ್ತಾರೆ! ಐವತ್ತು ಕಿಲೋ ಹುಡುಗ ಅರವತ್ತು ಕಿಲೋ ಗಾಳಿಯನ್ನು ಹಿಡಿದಾನೇ? ಡ್ರೈವರ್ ಒಮ್ಮೆ ಬ್ರೇಕ್ ಒತ್ತಿದರೆ ಪ್ಲಾಸ್ಟಿಕ್ ಕವರಿನ ಆ ನುಣುಪಿನ ಮೇಲೆ ಅವನೇ ಮೊದಲು ಜಾರುತ್ತಾನೆ. ನಿಮ್ಮ ಓಣಿಯ ಹುಡುಗರು ಉತ್ಸಾಹದಲ್ಲಿ ಹತ್ತಲು ಬರುತ್ತಾರೆ, ನೀನು ನಿಷ್ಠುರವಾಗಿ ಇಳಿಸು. ಬೇಕಾದರೆ ಹರಿಹರಕ್ಕೆ ಬಸ್ ಚಾರ್ಜ್ ಕೊಡು. ಕಾನೂನಿನ ಮಾತೂ ಕೇಳಿಕೊ: 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಸರಕಿನ ಮಾಲೀಕ ಅಥವಾ ಅವನ ಪರವಾಗಿ ಬಂದವನಿಗೆ ಸರಕು ಗಾಡಿಯ ವಿಮೆಯಲ್ಲಿ ಜಾಗವುಂಟು. ಸುಮ್ಮನೆ ಹತ್ತಿಕೊಂಡವರಿಗೆ ವಿಮಾ ಕಂಪನಿ ಕೊಡಬೇಕಿಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಅಂದರೆ ನೀನು ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಕೂರು, ಹುಡುಗರು ಬಸ್ಸಿನಲ್ಲಿ ಬರಲಿ.

ಸರಕು ಗಾಡಿಯಿಂದ ಹೊರಗೆ ಚಾಚಿಕೊಂಡಿದ್ದರೂ ತೊಂದರೆಯೇ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ ಪಕ್ಕಕ್ಕೆ, ಹಿಂದಕ್ಕೆ, ಎತ್ತರಕ್ಕೆ ಮಿತಿ ಮೀರಿ ಹೇರಿದರೆ ಇಪ್ಪತ್ತು ಸಾವಿರ ದಂಡ, ಮೇಲೆ ಸರಕು ಇಳಿಸುವ ಖರ್ಚು ಎಂದು ಬರೆದರು. ಹಿಂದೆ ಕೆಂಪು ಬಟ್ಟೆ ಕಟ್ಟಿಬಿಟ್ಟರೆ ಎಲ್ಲ ಸರಿಹೋಯಿತು ಎನ್ನುವವರ ಮಾತು ನಂಬಬೇಡ. ಕೆಂಪು ಬಟ್ಟೆ ಹಿಂದಿನವನಿಗೆ ಎಚ್ಚರಿಕೆ, ನಿನಗೆ ಪರವಾನಗಿ ಅಲ್ಲ.

ಕಟ್ಟುವ ವಿಷಯಕ್ಕೆ ಬರೋಣ. ಮೊದಲು ಹಾಸಿಗೆಗೆ ದಪ್ಪ ಪ್ಲಾಸ್ಟಿಕ್ ಕವರು. ಅಂಗಡಿಯಿಂದ ಬಂದದ್ದನ್ನು ನಿಮ್ಮವ್ವ ಎಲ್ಲಾದರೂ ಮಡಿಸಿ ಇಟ್ಟಿರುತ್ತಾಳೆ, ಕೇಳು, ಅವಳು ಯಾವ ಕವರನ್ನೂ ಎಸೆದವಳಲ್ಲ. ಅದರ ಬಾಯಿಯನ್ನು ಟೇಪಿನಿಂದ ಪೂರ್ತಿ ಮುಚ್ಚಿ, ಮುಚ್ಚಿದ ಕಡೆ ಗಾಡಿಯ ಹಿಂದಕ್ಕೆ ಬರುವ ಹಾಗೆ ಇಡು. ಬಾಯಿ ಮುಂದಕ್ಕಿದ್ದರೆ ಗಾಳಿ ತುಂಬಿ ಕವರು ಬಲೂನಾಗುತ್ತದೆ. ಮಂಚ ಬಿಚ್ಚುತ್ತೀಯಲ್ಲ, ಅದರ ಪ್ಲೈ ಹಲಗೆಗಳಲ್ಲಿ ಒಂದನ್ನು ಹಾಸಿಗೆಯ ಕೆಳಗೆ, ಒಂದನ್ನು ಮೇಲೆ ಇಟ್ಟು ಎಲ್ಲವನ್ನೂ ಒಂದೇ ಕಟ್ಟು ಮಾಡು. ಆಗ ಮೆತ್ತನೆಯ ವಸ್ತು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನು ಕಟ್ಟುವುದು ಸುಲಭ. ಬೀರು, ಪಾತ್ರೆಯ ಚೀಲ ಇವನ್ನು ಮಾತ್ರ ಮೇಲೆ ಹೇರಬೇಡ, ಸ್ಪ್ರಿಂಗ್ ಕೂತುಹೋದೀತು.

ಹಳದಿ ಪ್ಲಾಸ್ಟಿಕ್ ಹಗ್ಗ ತರಬೇಡ. ಅದರ ಗಂಟು ಜಾರುತ್ತದೆ. ಬಿಗಿಯಲು ಹಲ್ಲಿನ ಚಕ್ರ ಇರುವ ಬೆಲ್ಟು ಬರುತ್ತದೆ, ಲಾರಿ ಬಿಡಿಭಾಗದ ಅಂಗಡಿಯಲ್ಲಿ ರಾಚೆಟ್ ಬೆಲ್ಟ್ ಎಂದು ಕೇಳು. ನಮ್ಮ ಮನೆಯಲ್ಲೇ ಎರಡಿವೆ, ಒಯ್ಯಿ. ಅಡ್ಡಲಾಗಿ ಒಂದು, ಮತ್ತೊಂದು ಅಡ್ಡ, ಇಷ್ಟಕ್ಕೇ ನಿಲ್ಲಿಸುವವರು ಬಹಳ. ಅವರ ಹಾಸಿಗೆ ಪಕ್ಕಕ್ಕೆ ಜಾರುವುದಿಲ್ಲ, ಮುಂದಿನ ಅಂಚು ಮಾತ್ರ ಏಳುತ್ತದೆ. ಹಾಗಾಗಿ ಮುಂದಿನ ಮೂಲೆಗಳಿಂದ ಹಿಂದಿನ ಕೊಂಡಿಗಳಿಗೆ ನೈಲಾನ್ ಹಗ್ಗ ಗುಣಾಕಾರದ ಚಿಹ್ನೆಯಂತೆ ಬರಲೇಬೇಕು. ಮುಂದಿನ ಅಂಚಿನ ಮೇಲೆ ಒಂದು ಬೆಲ್ಟು ಕಡ್ಡಾಯ. ಬೆಲ್ಟು ಅಂಚನ್ನು ಕಚ್ಚುವ ಜಾಗದಲ್ಲಿ ರಟ್ಟು ಮಡಿಸಿ ಕೊಡು. ಬೆಲ್ಟಿಗೆ ಒಂದು ಅರ್ಧ ತಿರುವು ಹಾಕು, ಗಾಳಿಗೆ ಅದು ಪಟಪಟ ಬಡಿದು ಗುಂಯ್‌ಗುಡುವುದು ನಿಲ್ಲುತ್ತದೆ. ಕಟ್ಟುವುದು ಬಾಡಿಯ ಕಬ್ಬಿಣದ ಕೊಂಡಿಗೆ. ಪಕ್ಕದ ತಗಡಿನ ಚಿಲಕಕ್ಕೆ ಕಟ್ಟಿದರೆ ಚಿಲಕವೇ ಬಿಚ್ಚಿಕೊಳ್ಳುತ್ತದೆ. ಕೊನೆಗೆ ತಾಡಪತ್ರಿ ಹೊದಿಸಿ ಅದನ್ನೂ ಕಟ್ಟು. ಕಟ್ಟದ ತಾಡಪತ್ರಿ ಇಲ್ಲದೆಯೇ ಇದ್ದರೆ ವಾಸಿ. ಮುಗಿಯಿತು ಅನಿಸಿದಾಗ ಎರಡೂ ಕೈಯಲ್ಲಿ ಹಾಸಿಗೆ ಹಿಡಿದು ಅಲ್ಲಾಡಿಸು. ಹಾಸಿಗೆ ಅಲ್ಲಾಡದೆ ಗಾಡಿಯೇ ತೂಗಾಡಬೇಕು.

ಬೆಳಿಗ್ಗೆ ಆರೂವರೆ ಏಳಕ್ಕೆ ಹೊರಡು. ವೈಶಾಖದ ಈ ದಿನಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ನಂಬಿಕೆಯಿಲ್ಲ. ಭರಣಿ ಕೃತ್ತಿಕೆ ಮಳೆ ಹನಿಗಿಂತ ಮೊದಲು ಧೂಳೆಬ್ಬಿಸಿ ಗಾಳಿಯನ್ನೇ ಕಳಿಸುತ್ತವೆ. ಬೈಪಾಸಿನ ಆರು ಪಥದ ಹೆದ್ದಾರಿ ಬೇಗ ಮುಟ್ಟಿಸುತ್ತದೆ ಎಂದು ಡ್ರೈವರ್ ಅಂದಾನು. ಬೇಡ. ಪಕ್ಕದಲ್ಲಿ ಕಂಟೇನರ್ ಲಾರಿಯೊಂದು ಭರ್ರೆಂದು ಹಾದುಹೋದಾಗ ಬಡಿಯುವ ಗಾಳಿ ಹೊಲದ ಗಾಳಿಗಿಂತ ಕೆಟ್ಟದ್ದು. ಹಳೇ ಪಿ.ಬಿ. ರಸ್ತೆ ಹಿಡಿದು ದೊಡ್ಡಬಾತಿ ಮೇಲೆ ನಲವತ್ತರಲ್ಲಿ ಹೋಗಿ. ಹರಿಹರಕ್ಕೆ ತುಂಗಭದ್ರೆಯನ್ನು ದಾಟಬೇಕಿಲ್ಲ, ಸೇತುವೆ ಮೇಲಿನ ಅಡ್ಡಗಾಳಿಯ ಕಾಟ ನಿನಗಿಲ್ಲ. ಊರೊಳಗಿನ ಹಂಪುಗಳದ್ದೇ ಕಾಟ. 2016ರ ಮೊದಲ ಪಟ್ಟಿಯಲ್ಲೇ ದಾವಣಗೆರೆ ಸ್ಮಾರ್ಟ್ ಸಿಟಿ ಆಯಿತು, ಹಂಪುಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ. ಶಾಮನೂರು ರಸ್ತೆಯ ನಾಲ್ಕಾರು ಹಂಪು ಹಾರುವಷ್ಟರಲ್ಲಿ ಹೊಸದಾಗಿ ಬಿಗಿದ ಬೆಲ್ಟೂ ಒಂದೆರಡು ಇಂಚು ಸಡಿಲಾಗುತ್ತದೆ. ಊರು ದಾಟುವ ಮೊದಲು ಗಾಡಿ ನಿಲ್ಲಿಸಿ ಮತ್ತೊಮ್ಮೆ ಬಿಗಿ. ದಾರಿಯಲ್ಲಿ ಪಟಪಟ ಸದ್ದು ಕೇಳಿದರೆ ‘ಇನ್ನೇನು ಬಂತಲ್ಲ’ ಎನ್ನದೆ ಎಡಕ್ಕೆ ನಿಲ್ಲಿಸು.

ಅಲ್ಲಿ ಮುಟ್ಟಿದ ಮೇಲೆ ಒಂದೇ ತೊಡಕು. ಬಾಡಿಗೆ ಮನೆ ಮೊದಲ ಮಹಡಿ ಅಂದೆ. ಮೆಟ್ಟಿಲಿನ ತಿರುವಿನಲ್ಲಿ ಆರಡಿಯ ಹಾಸಿಗೆ ತಿರುಗುತ್ತದೋ ಇಲ್ಲವೋ ಶನಿವಾರವೇ ಹೋಗಿ ಟೇಪು ಹಿಡಿದು ನೋಡಿ ಬಾ. ತಿರುಗದಿದ್ದರೆ ಬಾಲ್ಕನಿಯಿಂದ ಎಳೆಯಬೇಕು, ಅದಕ್ಕೆ ಮೇಲೆ ಇಬ್ಬರು, ಕೆಳಗೆ ಇಬ್ಬರು ಹಮಾಲರು ಬೇಕಾಗುತ್ತಾರೆ. ಅವರ ಕೂಲಿಯನ್ನು ಹಿಂದಿನ ದಿನವೇ ಮಾತಾಡಿಕೊ. ಹಾಸಿಗೆ ಗೋಡೆಗೆ ನೇತುಬಿದ್ದಾಗ ಮಾತಾಡಲು ಹೋದರೆ ಅವರು ಹೇಳಿದ್ದೇ ರೇಟು.