ಹೊರಗೆ ಬಾರದ ಸೋರಿಕೆ

ಪಂಕ್ಚರ್ ಆದ ಸೈಕಲ್ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕುವುದನ್ನು ನೀವು ನೋಡಿದ್ದೀರಿ. ಹಳೆಯ ಬೈಕಿನ ಎಂಜಿನ್ನಿಗೆ ಗಾಳಿ ಸೋರಿದರೆ ಈ ಉಪಾಯ ನಡೆಯದು. ಏಕೆ ಗೊತ್ತೇ?

ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಗ ಕಾರ್ಬುರೇಟರಿನಿಂದ ಪೆಟ್ರೋಲ್ ಬೆರೆತ ಗಾಳಿ ಒಳನುಗ್ಗುತ್ತದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ದಾರಿಯಲ್ಲಿರುವ ಗ್ಯಾಸ್ಕೆಟ್ ಬಿರುಕು ಬಿಟ್ಟರೆ ಅಲ್ಲಿಂದಲೂ ಗಾಳಿ ಒಳಸೇರಿ ಈ ಲೆಕ್ಕ ತಪ್ಪುತ್ತದೆ. ಎಂಜಿನ್ ಏರುಪೇರಾಗಿ ಓಡುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ.

ಕಾರ್ಬುರೇಟರಿನಲ್ಲಿ ಕಸ ಕಟ್ಟಿದರೂ ಹೀಗೇ ಆಗುತ್ತದೆ! ಗ್ಯಾಸ್ಕೆಟ್ ಅಗ್ಗ, ಕಾರ್ಬುರೇಟರ್ ದುಬಾರಿ. ಆದ್ದರಿಂದ ಜಾಣ ಮೆಕ್ಯಾನಿಕ್ ಮೊದಲೇ ಸ್ಪ್ಯಾನರ್ ಹಿಡಿಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಗ್ಯಾಸ್ಕೆಟ್ ಇರುವ ಜೋಡಣೆಗೆ ತುಸು ನೀರು ಸಿಂಪಡಿಸುತ್ತಾನೆ. ನೀರು ಬಿರುಕನ್ನು ಕ್ಷಣಕಾಲ ಮುಚ್ಚಿದರೆ ಎಂಜಿನ್ನಿನ ಸದ್ದು ಬದಲಾಗುತ್ತದೆ. ಬದಲಾಗದಿದ್ದರೆ ಹುಡುಕಾಟ ಬೇರೆ ಕಡೆ. (ಕೆಲವರು ಪೆಟ್ರೋಲನ್ನೇ ಸಿಂಪಡಿಸುವುದುಂಟು. ಬೆಂಕಿ ಹೊತ್ತಬಹುದು, ಅದು ಸಲ್ಲದು.)

ಎಂಜಿನ್ ಹತ್ತಿರ ನೀವು ಹೋಗುವುದು ಬೇಡ. ಒಂದು ಸ್ಟ್ರಾ, ಒಂದು ಲೋಟ ನೀರು ಸಾಕು. ನೀರಿಗಿಂತ ಮೇಲಿರುವ ಭಾಗದಲ್ಲಿ ಸ್ಟ್ರಾಗೆ ಸೂಜಿಯಿಂದ ತೂತು ಮಾಡಿ ಹೀರಿ. ತೂತಿನಿಂದ ಒಂದು ಹನಿಯೂ ಹೊರಬಾರದು; ನೀರಿನ ಜೊತೆ ಗಾಳಿ ಮಾತ್ರ ಬಾಯಿಗೆ ಬರುತ್ತದೆ. ಈಗ ತೂತಿನ ಮೇಲೆ ಬೆರಳಿಟ್ಟು ಹೀರಿ. ಅಲ್ಲಿ ನೀರು ಮಾಡಿದ ಕೆಲಸವನ್ನೇ ಇಲ್ಲಿ ನಿಮ್ಮ ಬೆರಳು ಮಾಡುತ್ತಿದೆ.