ಮನೆಯ ಗಣಕಯಂತ್ರಕ್ಕೆ ಉಚಿತ ವೈರಸ್ ನಿರೋಧಕ: ವರ್ತಕರು ಆರಿಸಿಕೊಳ್ಳುವ ಬಗೆ

ವಿಜಯನಗರದ ಹೊಸಹಳ್ಳಿ, ಕಾಮಾಕ್ಷಿಪಾಳ್ಯ ಮತ್ತು ರಾಜಾಜಿನಗರದ ಸುತ್ತಮುತ್ತ ಕೆಳಗೆ ಅಂಗಡಿ ಅಥವಾ ಯಂತ್ರಶಾಲೆ, ಮೇಲೆ ವಾಸದ ಮನೆ ಎಂಬ ಏರ್ಪಾಡು ಹೊಸದೇನಲ್ಲ. ಇಂತಹ ಮನೆಗಳಲ್ಲಿ ಗಣಕಯಂತ್ರವೂ ಎರಡು ಕೆಲಸಗಳಿಗೆ ಒದಗುತ್ತದೆ. ಹಗಲಿನಲ್ಲಿ ಟ್ಯಾಲಿ ಲೆಕ್ಕ, ಜಿ.ಎಸ್.ಟಿ. ರಿಟರ್ನ್ ಹಾಗೂ ಬ್ಯಾಂಕ್ ವ್ಯವಹಾರ. ಸಂಜೆ ಮಕ್ಕಳ ಪಾಠ, ಆಟ ಮತ್ತು ಚಲನಚಿತ್ರ. ಆದುದರಿಂದ ಮನೆಯ ಯಂತ್ರಕ್ಕೆ ತಗಲುವ ಸೋಂಕು ವ್ಯಾಪಾರದ ಲೆಕ್ಕಪುಸ್ತಕಕ್ಕೂ ತಗಲುತ್ತದೆ. ಹಣ ವ್ಯಯಿಸದೆ ಈ ಯಂತ್ರವನ್ನು ರಕ್ಷಿಸಿಕೊಳ್ಳಲು ಸಾಧ್ಯವೇ ಎಂಬುದು ಅನೇಕ ಸಣ್ಣ ಉದ್ಯಮಿಗಳ ಪ್ರಶ್ನೆ. ಸಾಧ್ಯವಿದೆ, ಆದರೆ ‘ಉಚಿತ’ ಎಂಬ ಪದದ ಅರ್ಥವನ್ನು ಮೊದಲು ತಿಳಿದಿರಬೇಕು.

ಅಪಾಯದ ಸ್ವರೂಪ

ಹಾನಿಕಾರಕ ತಂತ್ರಾಂಶಗಳಲ್ಲಿ ವರ್ತಕರು ಮುಖ್ಯವಾಗಿ ಎರಡು ಬಗೆಯವನ್ನು ಗಮನಿಸಬೇಕು. ಮೊದಲನೆಯದು ಬೇಹು ತಂತ್ರಾಂಶ, ಅಂದರೆ ಸ್ಪೈವೇರ್. ಇದು ಯಾವ ಸದ್ದೂ ಮಾಡದೆ ಕೀಲಿಮಣೆಯ ಒತ್ತುಗಳನ್ನು ದಾಖಲಿಸಿಕೊಂಡು ಬ್ಯಾಂಕಿನ ಗುಪ್ತಪದವನ್ನು ಅನ್ಯರಿಗೆ ರವಾನಿಸಬಲ್ಲದು. ಎರಡನೆಯದು ರ‍್ಯಾನ್ಸಮ್‌ವೇರ್. ಇದು ಕಡತಗಳಿಗೆಲ್ಲ ಬೀಗ ಹಾಕಿ, ಬಿಡಿಸಲು ಹಣ ಕೇಳುತ್ತದೆ. 2017ರ ಮೇ 12ರಂದು ಹರಡಲು ತೊಡಗಿದ ‘ವನ್ನಾಕ್ರೈ’ ಈ ಎರಡನೆಯ ಬಗೆಯದು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಆ ವರ್ಷದ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳೇ ದಾಳಿಗೆ ಸುಲಭವಾಗಿ ತುತ್ತಾದವು.

ಹಿಂದೆ ವೈರಸ್‌ಗೆ ಒಂದು, ಬೇಹು ತಂತ್ರಾಂಶಕ್ಕೆ ‘ಸ್ಪೈಬಾಟ್’ ಅಥವಾ ‘ಆ್ಯಡ್-ಅವೇರ್’ನಂತಹ ಇನ್ನೊಂದು ಎಂದು ಎರಡು ಸಾಧನಗಳನ್ನು ಇಟ್ಟುಕೊಳ್ಳುವ ರೂಢಿಯಿತ್ತು. ಈಗಿನ ವೈರಸ್ ನಿರೋಧಕಗಳು ಎರಡನ್ನೂ ಒಟ್ಟಿಗೆ ಪರಿಶೀಲಿಸುತ್ತವೆ.

ಉಚಿತದಲ್ಲಿ ಮೂರು ಬಗೆ

1. ಕಾರ್ಯಾಚರಣ ವ್ಯವಸ್ಥೆಯೊಂದಿಗೇ ಬರುವಂಥದ್ದು. ವಿಂಡೋಸ್ 10 ಮತ್ತು 11ರಲ್ಲಿರುವ ‘ಡಿಫೆಂಡರ್’ ಈ ಬಗೆಯದು. ವಿಂಡೋಸ್‌ನ ಅಂಗವಾದ ಕಾರಣ ಇದಕ್ಕೆ ಪ್ರತ್ಯೇಕ ಹಣವಾಗಲಿ ವಾರ್ಷಿಕ ನವೀಕರಣವಾಗಲಿ ಬೇಕಿಲ್ಲ.

2. ಖಾಸಗಿ ಸಂಸ್ಥೆಗಳ ಉಚಿತ ಆವೃತ್ತಿ. ಅವಾಸ್ಟ್, ಎ.ವಿ.ಜಿ., ಅವಿರಾ ಮುಂತಾದವು ಇಲ್ಲಿ ಸೇರುತ್ತವೆ. ಇವುಗಳ ಪರವಾನಗಿಯು ಸ್ವಂತ ಮತ್ತು ವಾಣಿಜ್ಯೇತರ ಬಳಕೆಗೆ ಮಾತ್ರ. ಬಿಲ್ಲು ಬರೆಯುವ, ರಿಟರ್ನ್ ಸಲ್ಲಿಸುವ ಯಂತ್ರವು ಮನೆಯಲ್ಲಿದ್ದರೂ ಅದರ ಬಳಕೆ ವಾಣಿಜ್ಯವೇ ಆಗುತ್ತದೆ. ‘ಒಪ್ಪಿದೆ’ ಎಂಬ ಗುಂಡಿ ಒತ್ತುವ ಮುನ್ನ ಈ ಷರತ್ತನ್ನು ಓದಿಕೊಳ್ಳುವುದು ಒಳಿತು.

3. ಸರ್ಕಾರದ ಹಾಗೂ ಮುಕ್ತ ಸಂಪನ್ಮೂಲದ ಸಾಧನಗಳು. ಕೇಂದ್ರ ಸರ್ಕಾರದ ಸಿ.ಇ.ಆರ್.ಟಿ.-ಇನ್ ಸಂಸ್ಥೆ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ವು 2017ರ ಫೆಬ್ರವರಿಯಲ್ಲಿ ಆರಂಭವಾಯಿತು. ಸೋಂಕು ತೆಗೆಯುವ ಸಾಧನಗಳೂ, ಪೆನ್‌ಡ್ರೈವ್‌ಗಳ ಮೇಲೆ ನಿಯಂತ್ರಣವಿಡುವ ‘ಯು.ಎಸ್.ಬಿ. ಪ್ರತಿರೋಧ್’ ಎಂಬ ತಂತ್ರಾಂಶವೂ ಅದರ ಮೂಲಕ ಒದಗಿವೆ.

ಬೆಲೆಯಿಲ್ಲದ ಸರಕಿಗೂ ಯಾರೋ ಬೆಲೆ ತೆತ್ತಿರುತ್ತಾರೆಂಬುದು ವ್ಯಾಪಾರಿಗಳಿಗೆ ತಿಳಿಯದ ಸಂಗತಿಯಲ್ಲ. ಅವಾಸ್ಟ್ ಸಂಸ್ಥೆಯು ತನ್ನ ಬಳಕೆದಾರರ ಅಂತರ್ಜಾಲ ಸಂಚಾರದ ವಿವರಗಳನ್ನು ‘ಜಂಪ್‌ಶಾಟ್’ ಎಂಬ ಅಂಗಸಂಸ್ಥೆಯ ಮೂಲಕ ಮಾರಿತೆಂಬ ಆರೋಪದ ಮೇಲೆ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ಪಾವತಿಸುವಂತೆ ಕ್ರಮ ಕೈಗೊಂಡಿತು. ಜಂಪ್‌ಶಾಟ್ 2020ರಲ್ಲಿಯೇ ಮುಚ್ಚಿತ್ತು. ಯಾವ ಉಚಿತ ತಂತ್ರಾಂಶವನ್ನೇ ಆರಿಸಿದರೂ, ಅದು ಯಾವ ಮಾಹಿತಿಯನ್ನು ಸಂಗ್ರಹಿಸುತ್ತದೆಂದು ವಿಚಾರಿಸಬೇಕು.

ಆಯ್ಕೆಯ ಕ್ರಮ

ಮೊದಲು ಕಾರ್ಯಾಚರಣ ವ್ಯವಸ್ಥೆಯನ್ನು ನೋಡಿರಿ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ವಿಸ್ತರಿತ ಭದ್ರತಾ ಪರಿಷ್ಕರಣೆಯೂ ಇಲ್ಲದ ಯಂತ್ರದಲ್ಲಿ ಎಷ್ಟು ಒಳ್ಳೆಯ ನಿರೋಧಕವಿದ್ದರೂ, ಅದು ಗೋಡೆ ಬಿರುಕು ಬಿಟ್ಟ ಗೋದಾಮಿನ ಬಾಗಿಲಿಗೆ ಬೀಗ ಹಾಕಿದಂತೆ. ನಕಲಿ ವಿಂಡೋಸ್ ಅಥವಾ ‘ಕ್ರ್ಯಾಕ್’ ಮಾಡಿದ ಲೆಕ್ಕದ ತಂತ್ರಾಂಶವನ್ನು ಹಾಕಿಸಿಕೊಳ್ಳಲೇಬಾರದು. ಕ್ರ್ಯಾಕ್ ಹಾಕುವವರು ವೈರಸ್ ನಿರೋಧಕವನ್ನು ನಿಲ್ಲಿಸುವಂತೆ ಹೇಳುವುದೇ ಅಪಾಯದ ಸೂಚನೆ.

ಎರಡನೆಯದಾಗಿ, ‘ವಿಂಡೋಸ್ ಸೆಕ್ಯುರಿಟಿ’ ಪುಟವನ್ನು ತೆರೆದು ಡಿಫೆಂಡರ್ ಚಾಲನೆಯಲ್ಲಿದೆಯೇ ಎಂದು ಪರೀಕ್ಷಿಸಿರಿ. ಹೊಸ ಲ್ಯಾಪ್‌ಟಾಪಿನೊಂದಿಗೆ ಬಂದ ಪ್ರಾಯೋಗಿಕ ಆವೃತ್ತಿಯ ಅವಧಿ ಮುಗಿದಿದ್ದರೆ ಅದನ್ನು ನವೀಕರಿಸಬೇಕು, ಇಲ್ಲವೇ ತೆಗೆದುಹಾಕಬೇಕು. ಒಂದೇ ಯಂತ್ರದಲ್ಲಿ ಸದಾ ಕಾವಲಿರುವ ಎರಡು ನಿರೋಧಕಗಳನ್ನು ಇಡಬಾರದು. ಅವು ಒಂದಕ್ಕೊಂದು ಅಡ್ಡಿಯಾಗಿ ಯಂತ್ರವನ್ನು ನಿಧಾನಗೊಳಿಸುತ್ತವೆ. ಬೇಕೆಂದಾಗ ಮಾತ್ರ ತಪಾಸಣೆ ಮಾಡುವ ‘ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್’ನಂತಹ ಸಾಧನವನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ.

ಮೂರನೆಯದಾಗಿ, ಡಿಫೆಂಡರ್‌ನಲ್ಲಿರುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ಸೌಲಭ್ಯವು ಅಪರಿಚಿತ ತಂತ್ರಾಂಶಗಳು ಕಡತಗಳನ್ನು ಬದಲಾಯಿಸದಂತೆ ತಡೆಯುತ್ತದೆ. ಇದನ್ನು ನಾವೇ ಚಾಲನೆಗೊಳಿಸಬೇಕು. ಟ್ಯಾಲಿಯ ದತ್ತಾಂಶವಿರುವ ಫೋಲ್ಡರನ್ನು ಈ ರಕ್ಷಣೆಗೆ ಸೇರಿಸಿ, ಟ್ಯಾಲಿಗೆ ಅನುಮತಿ ನೀಡಿದರೆ ಲೆಕ್ಕದ ಕೆಲಸಕ್ಕೆ ತೊಡಕಾಗದು.

ನಾಲ್ಕನೆಯದಾಗಿ, ಬೇರೆ ನಿರೋಧಕವನ್ನು ಆರಿಸುವವರು ಜಾಹೀರಾತನ್ನು ನಂಬದೆ, ಜರ್ಮನಿಯ ಎ.ವಿ.-ಟೆಸ್ಟ್ ಅಥವಾ ಆಸ್ಟ್ರಿಯಾದ ಎ.ವಿ.-ಕಂಪ್ಯಾರಟಿವ್ಸ್ ಸಂಸ್ಥೆಗಳ ಪರೀಕ್ಷಾ ಫಲಿತಾಂಶವನ್ನು ನೋಡಲಿ. ರಕ್ಷಣೆಯ ಮಟ್ಟ, ಯಂತ್ರದ ವೇಗದ ಮೇಲಾಗುವ ಪರಿಣಾಮ, ಸುಳ್ಳು ಎಚ್ಚರಿಕೆಗಳ ಸಂಖ್ಯೆ ಈ ಮೂರನ್ನೂ ಗಮನಿಸಬೇಕು. ತಂತ್ರಾಂಶವನ್ನು ತಯಾರಕರ ಸ್ವಂತ ಜಾಲತಾಣದಿಂದಲೇ ಪಡೆಯಬೇಕು. ‘ನಿಮ್ಮ ಯಂತ್ರದಲ್ಲಿ ವೈರಸ್ ಇದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆಯ ಮೇಲೆ ಹಠಾತ್ತನೆ ಮೂಡುವ ಸಂದೇಶಗಳು ವಂಚಕರವು.

ನೌಕರರು ಬಳಸುವ ನಾಲ್ಕಾರು ಯಂತ್ರಗಳಿದ್ದಲ್ಲಿ, ಒಂದೇ ಕಡೆಯಿಂದ ನಿಗಾ ವಹಿಸಬಹುದಾದ ವಾಣಿಜ್ಯ ಆವೃತ್ತಿಯನ್ನು ಕೊಳ್ಳುವುದು ಸೂಕ್ತ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮುಂತಾದ ದೇಶೀಯ ಸಂಸ್ಥೆಗಳೂ ಇಂತಹವನ್ನು ಮಾರುತ್ತವೆ.

ತಂತ್ರಾಂಶಕ್ಕೆ ಮೀರಿದ ಎಚ್ಚರ

ಯಾವ ನಿರೋಧಕವೂ ಪರಿಪೂರ್ಣವಲ್ಲ. ಲೆಕ್ಕದ ಪ್ರತಿಯನ್ನು ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ತೆಗೆದು, ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ಜೋಡಿಸಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕಬಲ್ಲದು. ಮಕ್ಕಳಿಗೆ ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಖಾತೆಯನ್ನು ತೆರೆದುಕೊಡಬೇಕು. ಡಿಜಿಟಲ್ ಸಹಿಯ ಟೋಕನ್ನನ್ನು ಕೆಲಸ ಮುಗಿದೊಡನೆ ತೆಗೆದಿಡಬೇಕು. ಲೆಕ್ಕಪರಿಶೋಧಕರಿಂದಲೋ ಗ್ರಾಹಕರಿಂದಲೋ ಬಂದ ಪೆನ್‌ಡ್ರೈವನ್ನು ತಪಾಸಣೆ ಮಾಡಿದ ಬಳಿಕವೇ ತೆರೆಯಬೇಕು.

ಇಷ್ಟಾಗಿಯೂ ಖಾತೆಯಿಂದ ಹಣ ಹೋದರೆ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿರಿ. ಸೈಬರ್ ದಾಳಿಯನ್ನು ಅರಿತ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಸಿ.ಇ.ಆರ್.ಟಿ.-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಆ ವರ್ಷದ ಸೆಪ್ಟೆಂಬರ್ 25ರಿಂದ ಸಣ್ಣ ಉದ್ಯಮಗಳಿಗೂ ಜಾರಿಗೆ ಬಂದಿದೆ ಎಂಬುದನ್ನೂ ಸದಸ್ಯರು ನೆನಪಿಡಬೇಕು.

ಮೇಲೆ ಹೇಳಿದ ಪರಿಶೀಲನೆಗೆ ಹೆಚ್ಚು ಸಮಯ ಬೇಕಾಗುವುದಿಲ್ಲ. ಪ್ರತಿ ತಿಂಗಳು ಜಿ.ಎಸ್.ಟಿ. ಲೆಕ್ಕ ಹೊಂದಿಸುವ ದಿನವೇ ಇದನ್ನೂ ಮಾಡುವ ಪದ್ಧತಿ ಇಟ್ಟುಕೊಂಡರೆ ಮರೆಯುವ ಸಂಭವವಿರದು.